ತಣ್ಣೀರಿನ ಒಲೆ

ಎರಡು ಸಾವಿರದ ಹದಿನೇಳರ ಜನವರಿ ಇಪ್ಪತ್ತೊಂದು, ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಒಲೆ ಆರಿತು. ಅದಕ್ಕೆ ಮೊದಲು ನೀಲಿ ಜ್ವಾಲೆ ಕಡಲೆಕಾಳಿನಷ್ಟಾಗಿ, ಆಮೇಲೆ ಸಾಸಿವೆಯಷ್ಟಾಗಿ, ಬರ್ನರಿನ ಒಂದೇ ಒಂದು ತೂತಿಗೆ ಅಂಟಿಕೊಂಡು, ಹೊರಡಲೋ ಇನ್ನೊಂದು ಗಳಿಗೆ ಕೂರಲೋ ಎಂದು ಅನುಮಾನಿಸುವ ನೆಂಟನ ಹಾಗೆ ಸ್ವಲ್ಪ ಹೊತ್ತು ನಿಂತಿತ್ತು. ಗಾಳಿ ಇರಲಿಲ್ಲ. ಮೇಲಿಟ್ಟ ಪಾತ್ರೆಯಿಂದ ಹಬೆಯ ಒಂದು ಎಳೆಯೂ ಎದ್ದಿರಲಿಲ್ಲ. ಅವಳು ಪಾತ್ರೆ ಇಳಿಸಿ, ಒಲೆಯ ಕೆಳಗಿನ ಗ್ಯಾಸ್ ಡಬ್ಬಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಒಳಗೆ ದ್ರವ ಅಲುಗಾಡಿತು. ಡಬ್ಬಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ಆ ಸದ್ದು ಕೇಳಿದಾಗಲೇ ಅವಳಿಗೆ ಅರ್ಥವಾದದ್ದು, ಮತ್ತು ಅರ್ಥವಾದ ಕ್ಷಣ ಇಷ್ಟು ಚಳಿಯಲ್ಲೂ ಅವಳ ಕಿವಿಗಳು ಬಿಸಿಯಾದವು. ಬ್ಯೂಟೇನ್. ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಇಷ್ಟು ಎತ್ತರದ ಬಯಲಿನಲ್ಲಿ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ ಅನ್ನೋಣ. ಟೆಂಟಿನ ಹಗ್ಗಕ್ಕೆ ಕಟ್ಟಿದ್ದ ಥರ್ಮಾಮೀಟರಿನಲ್ಲಿ ಪಾದರಸ ಸೊನ್ನೆಗಿಂತ ಏಳು ಗೆರೆ ಕೆಳಗಿತ್ತು. ಡಬ್ಬಿಯೊಳಗಿನದು ಈಗ ಗ್ಯಾಸೇ ಅಲ್ಲ, ಮೇಲೇಳಲು ಮನಸ್ಸಿಲ್ಲದೆ ತಳದಲ್ಲಿ ಬಿದ್ದುಕೊಂಡ ಒಂದು ದ್ರವ. ಪ್ರತಿ ವರ್ಷ ಎರಡನೇ ಟರ್ಮಿನ ಮೊದಲ ವಾರ ಈ ಸಂಖ್ಯೆಯನ್ನು ಕಪ್ಪು ಹಲಗೆಯ ಬಲ ಮೂಲೆಯಲ್ಲಿ ಬರೆದು, ಸುತ್ತ ಚೌಕ ಹಾಕಿ, "ಇದನ್ನು ಮರೆತವರು ಕೈಯೆತ್ತಿ" ಎಂದು ಮೇಲಿನ ತರಗತಿಯ ಹುಡುಗಿಯರನ್ನು ಗದರುತ್ತಿದ್ದವಳು ಅವಳೇ.

"ತಕ್ಕಡೀ," ಎಂದು ಟೆಂಟಿನೊಳಗಿಂದ ಅಕ್ಕನ ದನಿ ಬಂತು. ಚಿಕ್ಕಂದಿನಲ್ಲಿ ಮಿಠಾಯಿಯ ಎರಡು ಚೂರನ್ನು ಎರಡು ಅಂಗೈ ಮೇಲಿಟ್ಟು ತೂಗಿ ನೋಡಿ, ಆಮೇಲೆ ದೊಡ್ಡದನ್ನೇ ತಾನಿಟ್ಟುಕೊಳ್ಳುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು. "ಎದ್ದಿದ್ದೀಯೇನೇ?"

"ಹೂಂ, ಎದ್ದೆ."

"ನೀರು ಕಾಯ್ತಾ?"

"ಕಾಯ್ತಾ ಇದೆ. ನೀನು ಮಲಕ್ಕೋ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಒಮ್ಮೆ ಪಾತ್ರೆಯ ಕಡೆ ತಿರುಗಿ ನೋಡಿದಳು. ಸುತ್ತ ಇನ್ನೂ ಬೂದು ಬೆಳಕು. ಈ ಮರುಭೂಮಿಯನ್ನು ಸರ್ಕಾರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ ಬಹಳ ಕಾಲವಾಗಿತ್ತು, ನಿನ್ನೆ ಗೇಟಿನ ಫಲಕ ನೋಡಿ ಅಕ್ಕ, "ಉದ್ಯಾನ ಅಂತಾರಲ್ಲೇ, ಹೂವು ಹೋಗ್ಲಿ ಒಂದು ಬೆಂಚಾದ್ರೂ ಇಟ್ಟಿದಾರಾ?" ಎಂದಿದ್ದಳು. ಹೂವಿನ ಬದಲು ಕಣ್ಣು ಹರಿಯುವವರೆಗೂ ಜಲ್ಲಿಕಲ್ಲಿನ ಬಯಲು, ಮೊಳಕಾಲೆತ್ತರದ ಮುಳ್ಳುಗಿಡಗಳು, ಅವುಗಳ ತುದಿಗೆ ಉಪ್ಪು ಸವರಿದ ಹಾಗೆ ಕೂತ ಹಿಮ, ಪೂರ್ವಕ್ಕೆ ಬತ್ತಿದ ಸರೋವರದ ಬಿಳಿ ತಳ, ಅದರ ದಂಡೆಯಲ್ಲಿ ಕಂದು ಬಣ್ಣದ ಒಂದು ಗುಡ್ಡ. ಟೆಂಟು ಹೊಡೆಯಲು ಗುರುತು ಮಾಡಿದ ಜಾಗಗಳಲ್ಲಿ ಮಿಕ್ಕವೆಲ್ಲ ಖಾಲಿ. ಬೆಂಕಿ ಹಾಕಕೂಡದು, ಸೌದೆ ಮುಟ್ಟಕೂಡದು ಎಂದು ಸಿಮೆಂಟ್ ಮೇಜಿನ ಮೇಲೇ ಬರೆದಿತ್ತು. ಅಕ್ಕನ ಮಗ ನಿನ್ನೆ ಮಧ್ಯಾಹ್ನ ತನ್ನ ಕಾರಿನಲ್ಲಿ ಇವರಿಬ್ಬರನ್ನೂ ಇಲ್ಲಿಳಿಸಿ, ನೀರಿನ ಕ್ಯಾನುಗಳನ್ನು ಇಳಿಸಿ, ಆಕಾಶವನ್ನೂ ಚಿಕ್ಕಮ್ಮನನ್ನೂ ಒಂದೇ ಬಗೆಯ ಸಂಶಯದಿಂದ ನೋಡಿ, ದೂರದ ಊರಿನ ಲಾಡ್ಜಿಗೆ ಹೋಗಿದ್ದ. ಫೋನು ಇಲ್ಲಿ ಸಿಗುವುದಿಲ್ಲ. ಅವನು ಬರುವುದು ಒಂಬತ್ತಕ್ಕೆ.

ಈ ಪ್ರವಾಸದ ಒಪ್ಪಂದ ಆದದ್ದು ಅವನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು. ಹೋದ ವರ್ಷ ಅಕ್ಕನ ಗಂಟಲಿನಿಂದ ಒಂದು ಗಂಟು ತೆಗೆದಿದ್ದರು. ಗಂಟು ಕೆಟ್ಟದ್ದಲ್ಲ ಅಂದರು. ಆದರೆ ತೆಗೆದ ಕಡೆ ಅನ್ನನಾಳ ಕಿರಿದಾಗಿ, ತಣ್ಣಗಿನದು ಏನು ತಾಕಿದರೂ ಮುಷ್ಟಿಯ ಹಾಗೆ ಬಿಗಿದುಕೊಳ್ಳತೊಡಗಿತು. ರಾತ್ರಿಯಿಡೀ ಮುಚ್ಚಿದ ಆ ಮುಷ್ಟಿ ಬೆಳಿಗ್ಗೆ ಬಿಚ್ಚಬೇಕಾದರೆ ಬಿಸಿನೀರು ಬೇಕು, ಗುಟುಕು ಗುಟುಕಾಗಿ. ಅದು ಇಳಿದ ಮೇಲೆ ಗಂಜಿ, ಗಂಜಿ ಇಳಿದ ಮೇಲೆ ಮಾತ್ರೆ. ಇಂಥ ಗಂಟಲನ್ನು ಕಟ್ಟಿಕೊಂಡು ಚಳಿಗಾಲದಲ್ಲಿ ಮರುಭೂಮಿಗೆ ಹೋಗುವುದೆಂದರೆ! ಆದರೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ನೌಕರಿ ಮುಗಿಸಿದ ಅಕ್ಕ, ಆಸ್ಪತ್ರೆಯ ಹಾಸಿಗೆಯಲ್ಲಿ ಮಾತು ಮರಳಿದ ದಿನವೇ ಹೇಳಿದ್ದಳು: "ಏನೂ ಇಲ್ಲದ ಜಾಗ ಒಂದು ನೋಡ್ಬೇಕು ಕಣೇ. ಜನ ನೋಡೀ ನೋಡೀ ಸಾಕಾಗಿದೆ. ಅದೂ ಅರ್ಧರ್ಧ ಜನ, ಕಿಟಕಿಯೊಳಗೆ ಹಿಡಿಸಿದಷ್ಟು." ಅದನ್ನು ಮಿಕ್ಕವರು ಅರಿವಳಿಕೆಯ ಅಮಲೆಂದು ನಕ್ಕರು. ಅವಳೊಬ್ಬಳು ನಗಲಿಲ್ಲ. ಇದು ಆಗುವಂಥದ್ದು, ಚಳಿಯೆಂದರೆ ಒಂದು ಸಂಖ್ಯೆ ಅಷ್ಟೇ, ಸಂಖ್ಯೆಗೆ ತಯಾರಿ ಮಾಡಿಕೊಳ್ಳಬಹುದು ಎಂದು ಆ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಅವಳು ವಾದಿಸಿದಾಗ ಅಕ್ಕನ ಮಗ ಕನ್ನಡಕ ತೆಗೆದು ಒರೆಸುತ್ತಾ, "ಚಿಕ್ಕಮ್ಮ, ನೀವು ಹೇಳೋದೆಲ್ಲ ಪುಸ್ತಕದಲ್ಲಿ ಸರಿ. ಅಮ್ಮನ ಗಂಟಲು ಪುಸ್ತಕ ಓದಿಲ್ಲ" ಎಂದಿದ್ದ. ಆಮೇಲೆ ಗಿರಾಕಿಗೆ ಡೋಸು ಹೇಳುವ ದನಿಯಲ್ಲಿ ಷರತ್ತು ಹಾಕಿದ್ದ: "ಒಂದು ರಾತ್ರಿ. ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ಅಮ್ಮ ತಿಂಡಿ ತಿಂದು ಮಾತ್ರೆ ತಗೊಂಡಿದ್ರೆ ಇನ್ನೆರಡು ದಿನ ಇರಿ, ಬೇಕಾದ್ರೆ ಅಲ್ಲಿನ ಗುಡ್ಡಾನೂ ಹತ್ತಿ. ಇಲ್ಲ ಅಂದ್ರೆ ಟೆಂಟು ಮಡಚೋದು. ಆಮೇಲೆ ಇಬ್ಬರೂ ಈ ಮಾತು ಎತ್ತೋ ಹಾಗಿಲ್ಲ. ಯಾವತ್ತೂ."

ಅವಳು ಮತ್ತೆ ಲೈಟರ್ ಹಚ್ಚಿದಳು. ಫುಸ್ಸೆಂದು ಒಂದು ಚೂರು ಉರಿ ಬಂದು ಸತ್ತಿತು. ನಿನ್ನೆ ಸಂಜೆ ಇದೇ ಒಲೆ ಎಂಥ ಗರ್ವದಿಂದ ಭುಗಿಲೆಂದಿತ್ತು! ಬಿಸಿಲಿಳಿದಿದ್ದರೂ ಕಲ್ಲುಗಳು ಬೆಚ್ಚಗಿದ್ದವು, ಪಾತ್ರೆ ಕ್ಷಣದಲ್ಲಿ ಕೊತಕೊತ ಕುದಿದಿತ್ತು, "ಅಬ್ಬಬ್ಬಾ, ನಿನ್ನ ಲ್ಯಾಬೇ ಎತ್ಕೊಂಡು ಬಂದಿದ್ದೀಯ" ಎಂದು ಅಕ್ಕ ಅಂದಾಗ ಅವಳು ಒಳಗೇ ಹಿಗ್ಗಿದ್ದಳು. ಲ್ಯಾಬಿನ ತಕ್ಕಡಿಯನ್ನಂತೂ ಉಪಯೋಗಿಸಿಯೇ ಇದ್ದಳು. ಹೊರಡುವ ಹಿಂದಿನ ದಿನ ಕಾಲೇಜಿನಲ್ಲಿ, ಬಾಗಿಲು ಹಾಕಿಕೊಂಡು, ಗಾಜಿನ ಪೆಟ್ಟಿಗೆಯ ದೊಡ್ಡ ತಕ್ಕಡಿಯ ಮೇಲೆ ಎರಡು ಡಬ್ಬಿ ಇಟ್ಟು ತೂಗಿದ್ದಳು: ಒಂದು ತಾನು ಕೊಂಡದ್ದು, ಇನ್ನೊಂದು ಅಕ್ಕನ ಮಗ ಯಾವುದೋ ಬೆಟ್ಟದ ಪ್ರವಾಸದಿಂದ ಉಳಿಸಿಟ್ಟು ತಂದುಕೊಟ್ಟದ್ದು. ಅವನದರಲ್ಲಿ ಗ್ಯಾಸು ಕಡಿಮೆಯಿತ್ತು, ಸಂಜೆ ಅವನ ಅಂಗಡಿಗೆ ಹೋಗಿ ಹಾಗೆಂದಿದ್ದಳು. "ಚಳಿಗೆ ಇದೇ ಒಳ್ಳೇದು ಅಂತ ಅಂಗಡಿಯವನು ಅಂದ, ಚಿಕ್ಕಮ್ಮ. ಇದು ಮಿಕ್ಸು." "ಅಂಗಡಿಯವನಿಗೇನೋ ಗೊತ್ತು?" ಎಂದು ಅವಳು ಅದನ್ನು ಹಿಂದಕ್ಕೆ ತಳ್ಳಿದ್ದಳು. ಅವನೂ ಒಬ್ಬ ಅಂಗಡಿಯವನೇ ಎಂಬುದು ಹೊಳೆದದ್ದು ಅವನ ಮುಖ ಸಣ್ಣಗಾದ ಮೇಲೆ. ಆ ಡಬ್ಬಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಪ್ರೊಪೇನ್ ಎಂದೂ ಇತ್ತು, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಕುದಿಯುವಂಥದ್ದು. ಅದನ್ನು ಅವಳು ಓದಿಯೂ ಇದ್ದಳು. ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವ ಸುಖದಲ್ಲಿ ಓದಿದ್ದು ತಲೆಗೆ ಹೋಗಿರಲಿಲ್ಲ. ಇಷ್ಟು ಗ್ರಾಂ ಇದೆ, ಆದ್ದರಿಂದ ಇಷ್ಟು ಲೀಟರ್ ನೀರು ಕಾಯುತ್ತದೆ, ಆದ್ದರಿಂದ ಇಷ್ಟು ದಿನ ಬರುತ್ತದೆ. ಲೆಕ್ಕ ಸರಿಯಾಗಿತ್ತು. ಗ್ಯಾಸು ಡಬ್ಬಿಯಿಂದ ಹೊರಗೆ ಬರಬೇಕು ಎಂಬುದೊಂದು ಬಿಟ್ಟು ಎಲ್ಲ ಸರಿಯಾಗಿತ್ತು.

ಸ್ಟಾಫ್ ರೂಮಿನಲ್ಲಿ ಇದು ಗೊತ್ತಾದರೆ. ಅಲ್ಲಿ ಭೌತಶಾಸ್ತ್ರದ ಮೇಷ್ಟ್ರು ಒಬ್ಬರು, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಯಾರದೇ ತಪ್ಪನ್ನು ಚಹಾದ ಜೊತೆ ಬಿಸ್ಕತ್ತಿನ ಹಾಗೆ ಅದ್ದಿ ಅದ್ದಿ ತಿನ್ನುವವರು. ಒಮ್ಮೆ ಪ್ರಾತ್ಯಕ್ಷಿಕೆಯಲ್ಲಿ ಅವಳ ದ್ರಾವಣ ಬಣ್ಣ ಬದಲಿಸದೆ ಬಿಳಿಚಿಕೊಂಡು ನಿಂತಾಗ, ಹಿಂದಿನ ಬೆಂಚಿನಿಂದ ಒಂದು ಕಿಸಕ್ಕೆಂಬ ನಗು ಬಂದಿತ್ತು. ಆ ನಗುವಿನ ಒಡತಿ ಯಾರೆಂದು ಇಡೀ ವರ್ಷ ಹುಡುಕಿದ್ದಳು, ಹುಡುಗಿಯರ ಜರ್ನಲ್ ತಿದ್ದುವಾಗಲೂ. ಈಗ ಆ ನಗು ಇಲ್ಲಿಯವರೆಗೂ ಬಂದು ಮುಳ್ಳುಗಿಡದ ಹಿಂದೆ ಕೂತಿದೆ ಅನ್ನಿಸಿತು. ನಾಚಿಕೆಯಲ್ಲಿ ಎರಡು ಬಗೆ: ಕಂಡವರಿದ್ದಾಗಿನದು, ಕಂಡವರಿಲ್ಲದಾಗಿನದು. ಎರಡನೆಯದರಲ್ಲಿ ಮುಖ ಮುಚ್ಚಿಕೊಂಡೂ ಪ್ರಯೋಜನವಿಲ್ಲ. ಅವಳು ಸ್ವೆಟರ್ ಎತ್ತಿ, ಒಳಗಿನ ಇನ್ನೊಂದು ಸ್ವೆಟರ್ ಎತ್ತಿ, ಲೋಹದ ಡಬ್ಬಿಯನ್ನು ಬರಿ ಹೊಟ್ಟೆಗೆ ಒತ್ತಿ ಹಿಡಿದಳು. ಉಸಿರು ಸಿಕ್ಕಿಹಾಕಿಕೊಂಡಿತು. ಕಣ್ಣಲ್ಲಿ ನೀರು ಬಂತು. ಮೈಯ ಶಾಖ ಮೂವತ್ತೇಳು ಡಿಗ್ರಿ, ಡಬ್ಬಿಯದು ಸೊನ್ನೆಗಿಂತ ಕೆಳಗೆ. ಶಾಖ ಯಾವ ಕಡೆ ಹರಿಯುತ್ತದೆಂದು ಹೇಳಲು ಪುಸ್ತಕ ಬೇಕಿರಲಿಲ್ಲ.

ಅದೇ ಹೊತ್ತಿಗೆ ಟೆಂಟಿನ ಜಿಪ್ಪು ಸರ್ರೆಂದಿತು. ಅಕ್ಕ ಸ್ಲೀಪಿಂಗ್ ಬ್ಯಾಗನ್ನು ಶಾಲಿನ ಹಾಗೆ ಹೊದ್ದು, ಮೂಗಿನವರೆಗೆ ಮಫ್ಲರ್ ಸುತ್ತಿ, ಮೊದಲು ಆರಿದ ಒಲೆಯನ್ನೂ ಆಮೇಲೆ ತಂಗಿಯನ್ನೂ ನೋಡಿದಳು.

"ಹೊಟ್ಟೇಲೇನೇ ಅದು?"

"ಗ್ಯಾಸು."

"ನನಗೂ ಇದೆ, ನಾನೇನು ಹಿಡ್ಕೊಂಡು ಕೂತಿದ್ದೀನಾ?"

ಅವಳಿಗೆ ನಗು ಬರಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು, ಬ್ಯೂಟೇನು, ಅರ್ಧ ಡಿಗ್ರಿ, ತಕ್ಕಡಿ, ಮಿಕ್ಸು. ಹೇಳುತ್ತ ಡಬ್ಬಿ ತೆಗೆದು ಒಲೆಗೆ ಸಿಕ್ಕಿಸಿ ಹಚ್ಚಿದಳು. ಹೊತ್ತಿತು! ನೀಲಿ ಉಂಗುರ ಪೂರ್ತಿ ಅರಳಿತು. ಇಬ್ಬರೂ ಅದರ ಮೇಲೆ ಬಾಗಿದರು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುವಷ್ಟರಲ್ಲಿ ಉಂಗುರ ಕುಗ್ಗಿತು, ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ತೆರವಾಯಿತು, ಆರಿತು. ದ್ರವ ಆವಿಯಾಗುವಾಗ ತನ್ನದೇ ಶಾಖವನ್ನು ತಿನ್ನುತ್ತದೆ. ಹೊಟ್ಟೆ ಕೊಟ್ಟದ್ದನ್ನೆಲ್ಲ ಡಬ್ಬಿ ಎರಡು ನಿಮಿಷದಲ್ಲಿ ತಿಂದು ಮುಗಿಸಿತ್ತು. ಅದರ ಮೈ ಮೇಲೆ ಹೊಸ ಹಿಮ ಕೂತಿತ್ತು. ಅಕ್ಕ ಉಗುರುಬೆಚ್ಚಗಿದ್ದ ಆ ನೀರನ್ನೇ ಲೋಟಕ್ಕೆ ಬಗ್ಗಿಸಿಕೊಂಡು, "ನೋಡೋಣ" ಎಂದು ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡಳು. ಕತ್ತಿನ ನರಗಳು ಎದ್ದವು. ಕಣ್ಣು ಮುಚ್ಚಿ, ಒಂದು ಕೈಯನ್ನು ಮೇಜಿನ ಮೇಲೆ ಊರಿ, ಯಾರೋ ಬಾಗಿಲು ತೆಗೆಯುತ್ತಾರೆಂದು ಹೊರಗೆ ನಿಂತವಳಂತೆ ಕಾದಳು. ಆಮೇಲೆ ಪಕ್ಕಕ್ಕೆ ತಿರುಗಿ, ಮರ್ಯಾದೆಯಿಂದ, ಸದ್ದಾಗದ ಹಾಗೆ ಉಗುಳಿದಳು.

ಆ ಸದ್ದಾಗದಿರುವಿಕೆ. ಅವಳ ಮನೆಯ ಊಟದ ಮೇಜಿನಲ್ಲಿ ಅದು ತಿಂಗಳುಗಟ್ಟಲೆ ನಡೆದಿತ್ತು, ಆಪರೇಷನ್ನಿಗೂ ಮುಂಚೆ, ಗಂಟು ಇದೆಯೆಂದು ಯಾರಿಗೂ ಗೊತ್ತಾಗುವ ಮುಂಚೆ. ಭಾನುವಾರಗಳಂದು ಅಕ್ಕ ಊಟಕ್ಕೆ ಬರುತ್ತಿದ್ದಳು. ತಟ್ಟೆಯಲ್ಲಿ ಅರ್ಧಕ್ಕರ್ಧ ಉಳಿಯುತ್ತಿತ್ತು. ಕರವಸ್ತ್ರ ಬಾಯಿಗೊತ್ತಿ ಬಚ್ಚಲ ಕಡೆ ಹೋಗಿ ಬರುತ್ತಿದ್ದಳು. ಅವಳು ಆ ಉಳಿದ ಅನ್ನವನ್ನು ಕಣ್ಣಳತೆಯಲ್ಲೇ ತೂಗಿ, ಇಷ್ಟು ದಂಡ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ವಾರ ಅಷ್ಟು ಕಡಿಮೆ ಬಡಿಸುತ್ತಿದ್ದಳು. ಅಕ್ಕನೂ ಅದಕ್ಕೆ ಸಮಾಧಾನಪಟ್ಟವಳಂತೆ ಕಾಣುತ್ತಿದ್ದಳು. ತೂಗುವುದಕ್ಕೂ ನೋಡುವುದಕ್ಕೂ ನಡುವೆ ಒಂದು ಮೇಜಿನಷ್ಟು ಅಗಲದ ದೂರವಿತ್ತು, ಅದನ್ನು ಅವಳು ದಾಟಿರಲಿಲ್ಲ. ಈಗ ನಡುವೆ ಸಿಮೆಂಟಿನ ಮೇಜು. ಅಕ್ಕ ಬಾಯಿ ಒರೆಸಿಕೊಂಡು ಅವಳ ಕಡೆ ನೋಡಿ ನಕ್ಕಳು. ಕಿಟಕಿಯ ಆಚೆಯವರಿಗೆ 'ಆ ಬಸ್ಸು ಹೋಯ್ತಲ್ಲಮ್ಮ' ಅನ್ನುವಾಗ ನಗುತ್ತಿದ್ದ ನಗು.

"ಹೋಗ್ಲಿ ಬಿಡೇ. ನೋಡಿದ್ದಾಯ್ತಲ್ಲ. ರಾತ್ರಿ ಆ ನಕ್ಷತ್ರ ನೋಡಿದ್ನಲ್ಲ, ಅಷ್ಟು ಸಾಕು. ಅವನು ಬರ್ಲಿ, ಹೊರಡೋಣ."

"ನೋಡಿದ್ದಾಯ್ತು ಅಂತ ಯಾರು ಹೇಳಿದ್ರು?"

"ಕೋಪ ಮಾಡ್ಕೋಬೇಡ್ವೇ. ಒಂದು ದಿನ ಆಯ್ತು. ಒಂದು ದಿನಾನೂ ಇಲ್ಲದವರು ಎಷ್ಟು ಜನ ಇದಾರೆ."

ಈ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಕಿತು. ಅಕ್ಕ ಜಗಳವಾಡಿದ್ದರೆ, ಲೆಕ್ಚರರಮ್ಮ ನಿನ್ನ ವಿದ್ಯೆಗಿಷ್ಟು ಎಂದಿದ್ದರೆ, ಕೈಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. ಇಷ್ಟು ಸುಲಭವಾಗಿ ಬಿಟ್ಟುಕೊಡುವುದನ್ನು ಅಕ್ಕ ಎಲ್ಲಿ ಕಲಿತಳು? ಊಟದ ಮೇಜಿನಲ್ಲಿ, ವಾರ ವಾರಕ್ಕೂ ಸಣ್ಣದಾಗುತ್ತ ಹೋದ ಸೌಟಿನ ಎದುರು ಕಲಿತಿರಬಹುದು. ಅವಳು ಅಗಲ ಬಾಯಿಯ ನೀರಿನ ಕ್ಯಾನಿನ ಹತ್ತಿರ ಹೋದಳು. ಮುಚ್ಚಳ ತಿರುಗಲಿಲ್ಲ, ಸುತ್ತ ಹಿಮ ಕಟ್ಟಿತ್ತು. ಕಲ್ಲಿನಿಂದ ಎರಡು ಬಾರಿ ತಟ್ಟಿ ತೆಗೆದಳು. ಮೇಲೆ ಬೆರಳು ದಪ್ಪದ ಹಿಮದ ಪದರ. ಅದನ್ನು ಒಡೆಯಲು ಕೈಗವಸು ಕಿತ್ತು, ಮುಷ್ಟಿಯಿಂದ ಗುದ್ದಿದಳು. ಪದರ ಮುರಿದು ಕೈ ಮಣಿಕಟ್ಟಿನವರೆಗೆ ನೀರಿಗಿಳಿಯಿತು.

ನೀರು ಬೆಚ್ಚಗಿತ್ತು.

ಅವಳು ಕೈ ತೆಗೆಯಲಿಲ್ಲ. ಬೆಚ್ಚಗೆ ಅನ್ನುವುದು ಸುಳ್ಳು. ಹಿಮ ತೇಲುವ ನೀರಿಗೆ ಇರುವುದು ಒಂದೇ ಉಷ್ಣತೆ, ಸೊನ್ನೆ. ಆದರೆ ಇಷ್ಟು ಹೊತ್ತು ಲೋಹದ ಡಬ್ಬಿ ಹಿಡಿದು ಮರಗಟ್ಟಿದ ಬೆರಳುಗಳಿಗೆ ಸೊನ್ನೆಯೇ ಒಂದು ಆತಿಥ್ಯದ ಹಾಗಿತ್ತು. ಸೊನ್ನೆ ಎಂದರೆ ಏನೂ ಇಲ್ಲ ಎಂದುಕೊಳ್ಳುವುದು ತರಗತಿಯ ಮೊದಲ ತಪ್ಪು, ಸೊನ್ನೆಯಲ್ಲೂ ಬೇಕಾದಷ್ಟಿದೆ, ಸೊನ್ನೆಯ ಕೆಳಗಿರುವವನನ್ನು ಕೇಳಿ ನೋಡಿ ಎಂದು ಅವಳೇ ಹೇಳುತ್ತಿರಲಿಲ್ಲವೇ! ಡಬ್ಬಿ ಸೊನ್ನೆಗಿಂತ ಏಳು ಕೆಳಗಿದೆ. ನೀರು ಅದಕ್ಕಿಂತ ಏಳು ಮೇಲಿದೆ. ಶಾಖಕ್ಕೆ ಅಷ್ಟು ಇಳಿಜಾರು ಸಾಕು. ಅವಳ ಹೊಟ್ಟೆ ಬೇಗ ಕೊಟ್ಟು ಬೇಗ ಮುಗಿದಿತ್ತು, ಏಕೆಂದರೆ ಒಲೆ ಉರಿಯುವಾಗ ಅದು ಜೊತೆಗಿರಲು ಸಾಧ್ಯವಿರಲಿಲ್ಲ. ನೀರು ಇರುತ್ತದೆ. ನೀರು ಹಿಮವಾಗುತ್ತ ಹೋದರೂ, ಆಗುವ ಆ ಹೊತ್ತಿನಲ್ಲೇ ಎಲ್ಲಕ್ಕಿಂತ ಹೆಚ್ಚು ಶಾಖ ಬಿಟ್ಟುಕೊಡುತ್ತದೆ; ಗ್ರಾಮಿಗೆ ಎಂಬತ್ತು ಕ್ಯಾಲರಿ. ಆ ಸಂಖ್ಯೆಗೂ ಅವಳು ಹಲಗೆಯ ಮೇಲೆ ಚೌಕ ಹಾಕಿದ್ದಳು. ಇಷ್ಟು ವರ್ಷ ಚೌಕದೊಳಗೆ ಸುಮ್ಮನೆ ಕೂತಿದ್ದ ಸಂಖ್ಯೆ ಈಗ ಎದ್ದು ಬಂದು ಅವಳ ಕೈ ಹಿಡಿದುಕೊಂಡಿತು.

"ಅಕ್ಕಾ, ಆ ಬೋಗುಣಿ ಕೊಡು!"

"ಯಾಕೆ?"

"ಕೊಡೇ ಮಾರಾಯ್ತಿ, ಆಮೇಲೆ ಹೇಳ್ತೀನಿ."

ತಟ್ಟೆ ತೊಳೆಯುವ ಸ್ಟೀಲಿನ ಬೋಗುಣಿಗೆ ಎರಡು ಬೆರಳಿನಷ್ಟು ಕ್ಯಾನಿನ ನೀರು ಸುರಿದು, ಅದರ ನಡುವೆ ಡಬ್ಬಿಯನ್ನು ನಿಲ್ಲಿಸಿ, ಅದರ ತಲೆಗೆ ಒಲೆ ತಿರುಗಿಸಿ ಸಿಕ್ಕಿಸಿದಳು. ಅಕ್ಕ ಸ್ಲೀಪಿಂಗ್ ಬ್ಯಾಗಿನೊಳಗಿಂದ ಒಂದು ಕೈ ಮಾತ್ರ ಹೊರಗೆ ಹಾಕಿ ಬೋಗುಣಿಯ ಅಂಚು ಹಿಡಿದುಕೊಂಡಿದ್ದಳು. "ತಣ್ಣೀರಲ್ಲಿ ಒಲೆ ಇಡ್ತಾರಾ ಯಾರಾದ್ರೂ? ನಿನಗೂ ಚಳಿ ತಲೆಗೇರ್ತೇನೇ?" "ಸ್ವಲ್ಪ ಸುಮ್ನಿರು." ಕಾಯಬೇಕಿತ್ತು. ಕಾಯುವುದು ಅವಳಿಗೆ ಬರುತ್ತಿತ್ತು. ಬ್ಯೂರೆಟ್ಟಿನ ಕೊನೆಯ ಹನಿಗೆ ಕಾಯುವ ಹಾಗೆ ಉಸಿರನ್ನು ಪಕ್ಕಕ್ಕಿಟ್ಟು ಕಾದಳು. ಡಬ್ಬಿಯ ಬುಡದ ಸುತ್ತ ನೀರಿನಲ್ಲಿ ಒಂದು ತೆಳ್ಳನೆಯ ಬಿಳಿ ಬಳೆ ಮೂಡಿತು. ನೀರು ಹಿಮವಾಗುತ್ತಿದೆ, ಅಂದರೆ ಕೊಡುತ್ತಿದೆ. ಡಬ್ಬಿಯ ಮೈ ಮೇಲಿನ ಹಿಮದ ಪುಡಿ, ನೀರಿಗೆ ಸಮೀಪದಿಂದ ಶುರುವಾಗಿ, ಒದ್ದೆಯ ಬಣ್ಣಕ್ಕೆ ತಿರುಗಿತು. ಅವಳು ಒಲೆಯ ಗುಂಡಿ ತಿರುಗಿಸಿದಳು. ಹಿಸ್ಸೆಂಬ ಸದ್ದು, ಗಟ್ಟಿಯಾಗಿ, ತಡವರಿಸದೆ. ಲೈಟರ್ ಹಚ್ಚಿದಳು.

ಜ್ವಾಲೆ ಭುಗಿಲೆಂದಿತು. ಅಕ್ಕ ತಲೆ ಹಿಂದಕ್ಕೆ ಎಳೆದುಕೊಂಡು, "ಅಯ್ಯೋ ಇದರ!" ಎಂದಳು. ಉಂಗುರ ಪೂರ್ತಿ, ಒಂದು ಹಲ್ಲೂ ಬಿಡದೆ. ಅವಳು ಎಣಿಸಲಿಲ್ಲ, ಗಡಿಯಾರ ನೋಡಲಿಲ್ಲ. ಹಿಮದ ಬಳೆ ದಪ್ಪವಾದಾಗ ಅದನ್ನು ಚಮಚದಿಂದ ಒಡೆದು ತೆಗೆದು ಹೊಸ ನೀರು ಸುರಿದಳು, ಮತ್ತೆ ದಪ್ಪವಾದಾಗ ಮತ್ತೆ. ಪಾತ್ರೆಯ ತಳದಲ್ಲಿ ಮೊದಲು ಇರುವೆಯ ಕಣ್ಣಿನಂಥ ಗುಳ್ಳೆ, ಆಮೇಲೆ ದಾರ ಪೋಣಿಸಿದಂಥ ಗುಳ್ಳೆ, ಆಮೇಲೆ ಮುಚ್ಚಳವೇ ಕುಣಿಯತೊಡಗಿತು. ಸೊನ್ನೆಯ ನೀರು ಕೆಳಗಿನಿಂದ ಎತ್ತಿಕೊಟ್ಟು ಮೇಲಿನ ನೀರನ್ನು ಕುದಿಸುತ್ತಿತ್ತು. ಅವಳ ಕಣ್ಣಿನಿಂದ ನೀರಿಳಿಯುತ್ತಿದ್ದದ್ದು ಹಬೆಗೋ ಏನೋ, ಅವಳು ಒರೆಸಿಕೊಳ್ಳಲಿಲ್ಲ. ಮುಳ್ಳುಗಿಡದ ಹಿಂದೆ ಕೂತಿದ್ದ ನಗು ಎದ್ದು ಹೋಗಿತ್ತು. ಹೋಗದಿದ್ದರೆ ಅವಳೇ ಅದನ್ನು ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿ ತೋರಿಸುತ್ತಿದ್ದಳು.

ಅಕ್ಕ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಮೊದಲ ಗುಟುಕು ಕುಡಿದಳು. ಕತ್ತಿನ ನರ ಎದ್ದಿತು, ನಿಂತಿತು. ಈ ಸಲ ಅವಳು ಮೇಜು ಸುತ್ತಿ ಬಂದು ಅಕ್ಕನ ಪಕ್ಕದಲ್ಲೇ ಕೂತಿದ್ದಳು. ಭುಜಕ್ಕೆ ಭುಜ ತಾಕಿತ್ತು, ಆದ್ದರಿಂದ ನೋಡುವುದಕ್ಕೆ ಮೊದಲೇ ಗೊತ್ತಾಯಿತು: ಆ ಮೈ ಒಳಗಿನಿಂದ ಸಡಿಲವಾಯಿತು. ಇಳಿಯಿತು. ಇನ್ನೊಂದು ಗುಟುಕು, ಅದೂ ಇಳಿಯಿತು. ಆಮೇಲೆ ಗಂಜಿ. ಚಮಚದ ತುದಿಯಲ್ಲಿ ಶುರುವಾದದ್ದು ತುಂಬಿದ ಚಮಚಕ್ಕೆ ಬಂತು. ಪಾತ್ರೆಯ ತಳ ಕೆರೆಯುವ ಸದ್ದು ಆ ನಿಶ್ಶಬ್ದ ಬಯಲಿನಲ್ಲಿ ಎಲ್ಲಿಯವರೆಗೆ ಕೇಳಿಸಿತೋ. ಮಾತ್ರೆಗಳನ್ನು ಅಕ್ಕ ಒಂದೊಂದಾಗಿ, ಚೆಕ್ ಮಾಡಿದ ಟಿಕೆಟ್ ಹಿಂದಿರುಗಿಸುವ ಗತ್ತಿನಲ್ಲಿ ನುಂಗಿದಳು.

"ಸ್ವಲ್ಪ ಉಪ್ಪು ಕಮ್ಮಿ," ಎಂದಳು ಕೊನೆಗೆ.

"ಎಷ್ಟು ಕಮ್ಮಿ?"

"ತೂಗಿ ನೋಡು!"

ಇಬ್ಬರೂ ನಕ್ಕರು. ಅಕ್ಕನ ನಗು ಒರಟಾಗಿತ್ತು, ಮರಳುಕಾಗದ ಉಜ್ಜಿದ ಹಾಗೆ, ಆದರೆ ಪೂರ್ತಿಯಾಗಿತ್ತು. ಸೂರ್ಯ ಗುಡ್ಡದ ಬೆನ್ನಿಂದ ತಲೆ ಹಾಕಿದ. ಬಯಲಿನ ಒಂದೊಂದು ಜಲ್ಲಿಕಲ್ಲಿಗೂ ತನ್ನದೇ ಉದ್ದ ನೆರಳು ಸಿಕ್ಕಿತು. ಅವಳು ಫ್ಲಾಸ್ಕಿಗೆ ಕುದಿನೀರು ತುಂಬುತ್ತಿದ್ದಾಗ ಅಕ್ಕ ಆಗಲೇ ಬೂಟಿನ ದಾರ ಕಟ್ಟುತ್ತಿದ್ದಳು.

"ಎಲ್ಲಿಗೆ?"

"ಗುಡ್ಡಕ್ಕೆ. ಮತ್ತೆಲ್ಲಿಗೆ?"

"ಅವನು ಒಂಬತ್ತಕ್ಕೆ ಬಂದು ನೋಡ್ತೀನಿ ಅಂದಿದಾನೆ."

"ಬಂದು ನೋಡ್ಲಿ. ಅವನು ಸೀಲು ಹೊಡೆಯೋ ತನಕ ಬಿದ್ದಿರೋಕೆ ನಾನೇನು ಪಾರ್ಸಲ್ಲೇ? ತಿಂಡಿ ಆಯ್ತು, ಮಾತ್ರೆ ಆಯ್ತು. ಷರತ್ತು ಮುಗೀತು."

ಅವಳು ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡಳು. ಅವರು ಬತ್ತಿದ ಸರೋವರದ ಅಂಚು ಹಿಡಿದು ನಡೆದರು. ಉಪ್ಪಿನ ಪದರ ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮುರಿದ ಕಡೆ ಒಳಗಿನ ಕೆಂಪು ಮಣ್ಣು ಕಾಣುತ್ತಿತ್ತು. ಗುಡ್ಡದ ಬುಡದಲ್ಲಿ ಅಕ್ಕ ಫ್ಲಾಸ್ಕಿನ ಮುಚ್ಚಳದಲ್ಲಿ ಒಂದು ಬಾರಿ ಕುಡಿದಳು, ಅರ್ಧ ಏರಿದ ಮೇಲೆ ಇನ್ನೊಂದು ಬಾರಿ. ಕಾಲುದಾರಿ ಸಡಿಲ ಕಲ್ಲಿನದು. ಮುಂದೆ ಹೋಗುತ್ತಿದ್ದ ಅವಳು ಪ್ರತಿ ತಿರುವಿನಲ್ಲೂ ಹಿಂದೆ ಕೈ ಚಾಚುತ್ತಿದ್ದಳು, ಮೊದಲು ಅಕ್ಕ ಹಿಡಿದುಕೊಂಡಳು, ಆಮೇಲೆ ಹಿಡಿಯುವುದನ್ನು ಬಿಟ್ಟಳು, ಆಮೇಲೆ ಅಕ್ಕನೇ ಮುಂದೆ ಹೋದಳು. ಹಿಂದಿನಿಂದ ನೋಡಿದರೆ ಅಕ್ಕ ಯಾರೋ ಬೇರೆಯವಳ ಹಾಗಿದ್ದಳು. ಇಷ್ಟು ವರ್ಷ ಅಕ್ಕನೂ ಅವಳಿಗೆ ಕಿಟಕಿಯೊಳಗೆ ಹಿಡಿಸಿದಷ್ಟೇ ಕಂಡಿದ್ದಳೇ? ಸೊಂಟ, ಕಾಲು, ಏರುವಾಗ ಮೊಳಕಾಲಿನ ಮೇಲೆ ಕೈಯಿಟ್ಟು ದಬ್ಬುವ ರೀತಿ, ಕುಂಡೆ ಮೇಲೆ ಅಂಟಿದ ಉಪ್ಪು. ಒಂದು ತಿರುವಿನಲ್ಲಿ ಅಕ್ಕ ನಿಂತು, ಕೆಳಗೆ ಹರಡಿದ ಬಯಲಿನ ಕಡೆ ತಿರುಗಿ, ಕೈಯನ್ನು ಬಾಯಿಗೆ ಮೈಕಿನ ಹಾಗೆ ಹಿಡಿದು, "ಪ್ರಯಾಣಿಕರ ಗಮನಕ್ಕೆ! ಎಲ್ಲಿಗೂ ಹೋಗದ ಬಸ್ಸು ಈಗ ಯಾವ ಅಂಕಣಕ್ಕೂ ಬರುವುದಿಲ್ಲ!" ಎಂದು ಕೂಗಿದಳು. ದನಿ ಅರ್ಧಕ್ಕೇ ಬಿರುಕು ಬಿಟ್ಟಿತು. ಆದರೂ ಅಲ್ಲಿ ಅದಕ್ಕೆ ಎದುರು ಒಂದು ಹಾರ್ನೂ ಇರಲಿಲ್ಲ.

ಶಿಖರವೆಂದರೆ ಅಡುಗೆಮನೆಯಷ್ಟು ಸಮತಟ್ಟು ಜಾಗ. ಆ ಬದಿಗೂ ಏನೂ ಇರಲಿಲ್ಲ. ಇನ್ನೊಂದು ಬಯಲು, ಅದರಾಚೆ ಇನ್ನೊಂದು ಸಾಲು ಗುಡ್ಡ, ಅದರಾಚೆ ನೀಲಿ. ಅಕ್ಕ ಕಲ್ಲಿನ ಮೇಲೆ ಕೂತು, ಮಫ್ಲರ್ ಬಿಚ್ಚಿ, ಗಂಟಲಿನ ಆ ಸಣ್ಣ ಗಾಯದ ಗೆರೆಯನ್ನು ಬಿಸಿಲಿಗೆ ಒಡ್ಡಿದಳು. ಕೆಳಗೆ ಕಾರು ಒಂದು ಧೂಳಿನ ಬಾಲ ಎಳೆದುಕೊಂಡು ಬಂದು ಟೆಂಟಿನ ಹತ್ತಿರ ನಿಂತಿತು. ಒಂದು ಚಿಕ್ಕ ಆಕೃತಿ ಇಳಿದು, ಟೆಂಟಿನೊಳಗೆ ಬಾಗಿ ನೋಡಿ, ಸುತ್ತ ತಿರುಗಿ, ಬೋಗುಣಿಯ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ಮೇಲೆ ನೋಡಿತು. ಅಕ್ಕ ಮಫ್ಲರ್ ಬೀಸಿದಳು. ಆಕೃತಿ ಓಡತೊಡಗಿತು.

ಅವನು ಮೇಲೆ ಬಂದಾಗ ಕನ್ನಡಕದ ಗಾಜಿನ ಮೇಲೆ ಮಂಜು ಕವಿದಿತ್ತು, ಕೈ ಎರಡೂ ಮೊಳಕಾಲ ಮೇಲಿದ್ದವು, ಮಾತಿಗೆ ಬದಲು ಬರೀ ಉಸಿರು ಬರುತ್ತಿತ್ತು.

"ಕೂತ್ಕೊಳೋ," ಅಂದಳು ಅಕ್ಕ. "ಇಷ್ಟಕ್ಕೇ ಏದುಸಿರಾ? ಟಾನಿಕ್ಕು ಮಾರ್ತೀಯ, ಒಂದು ಬಾಟಲಿ ನೀನೂ ಕುಡಿ."

"ಅಮ್ಮಾ, ನೀನು... ಟೆಂಟಲ್ಲಿ ಇರ್ಲಿಲ್ಲ... ನಾನು ಏನೋ ಅಂದ್ಕೊಂಡೆ..."

"ಏನಂದ್ಕೊಂಡೆ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ, ಕಣ್ಣನ್ನೂ. ಆಗ ಅವಳು, ಯಾರೂ ಕೇಳದಿದ್ದರೂ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿದಳು: "ನಿನ್ನ ಡಬ್ಬೀನೇ ಸರಿಯಾಗಿತ್ತು ಕಣೋ. ನಂದು ಚಳೀಲಿ ಉರೀಲಿಲ್ಲ. ನನಗೆ ಗೊತ್ತಿರಬೇಕಿತ್ತು, ನಾನೇ ಪಾಠ ಮಾಡೋದು." ಹೇಳಿ ಮುಗಿಸಿದಾಗ ಎದೆ ಹಗುರವಾಯಿತು ಅನ್ನುವುದಕ್ಕಿಂತ, ಅಲ್ಲಿ ಭಾರ ಇತ್ತೆಂಬುದೇ ಮರೆತಿತ್ತು. ಸ್ಟಾಫ್ ರೂಮಿನಲ್ಲೂ ಹೇಳಬಹುದು. ಬಿಸ್ಕತ್ತನ್ನು ತಾನೇ ಅದ್ದಿ ಕೊಡಬಹುದು.

ಅವನು ತಾಯಿಯನ್ನೂ ಚಿಕ್ಕಮ್ಮನನ್ನೂ ನೋಡಿದ. "ಉರೀಲಿಲ್ವಾ? ಮತ್ತೆ ನೀರು ಹೆಂಗೆ ಕಾಯಿಸಿದ್ರಿ?"

"ತಣ್ಣೀರಿಂದ," ಅಂದಳು ಅಕ್ಕ, ತಾನೇ ಕಂಡುಹಿಡಿದ ಹಾಗೆ. "ಅದೆಲ್ಲ ನಿನಗೆ ಅರ್ಥ ಆಗಲ್ಲ, ಬಿಡು. ಟೆಂಟು ಮಡಚೋಕೆ ಬಂದ್ಯಾ? ನಾಡಿದ್ದು ಬಾ."

ಅವನು ಚಿಕ್ಕಮ್ಮನ ಕಡೆಗೆ ತಿರುಗಿ ಕೂತ. ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದಾಗಿನ ದನಿ ಇದಾಗಿರಲಿಲ್ಲ. ಲೆಕ್ಕ ಬಲ್ಲವರೊಬ್ಬರನ್ನು ಇನ್ನೊಬ್ಬರು ಕೇಳುವ ದನಿ.

"ಬೆಳಿಗ್ಗೆಯಿಂದ ಅಮ್ಮ ಎಷ್ಟು ಕುಡಿದ್ಲು, ಚಿಕ್ಕಮ್ಮ?"

ಆಸ್ಪತ್ರೆಯಿಂದ ಬಂದ ಮೇಲೆ ಮಧ್ಯಾಹ್ನದೊಳಗೆ ಅರ್ಧ ಲೀಟರು ಇಳಿದ ದಿನವೇ ಇರಲಿಲ್ಲ. ಅವಳು ಫ್ಲಾಸ್ಕನ್ನು ಎತ್ತಿ, ಮುಚ್ಚಳ ತೆಗೆದು, ಬಿಸಿಲಿಗೆ ಓರೆಯಾಗಿಸಿ ಒಳಗೆ ಉಳಿದದ್ದನ್ನು ನೋಡಿದಳು. ಎರಡು ಲೋಟ, ಗಂಜಿಯ ನೀರು, ದಾರಿಯಲ್ಲಿ ಕುಡಿದದ್ದು ಎಲ್ಲ ಕೂಡಿಸಿದಳು, ಉಗುಳಿದ ಒಂದು ಗುಟುಕನ್ನು ಕಳೆದಳು. ಆಮೇಲೆ ಹೇಳಿದಳು.

ಎಂಟುನೂರ ನಲವತ್ತು ಮಿಲಿಲೀಟರ್.